ಮಾಲಿನ್ಯ ನಿಯಂತ್ರಣ ಮಂಡಳಿಗೆ ಸದಸ್ಯರು ಬರುವ ದಾರಿ

ಹೊಸ ಸರ್ಕಾರ ಬಂದಾಗಲೆಲ್ಲ, ಸಂಪುಟ ವಿಸ್ತರಣೆ ಮುಗಿದಾಗಲೆಲ್ಲ ಕರ್ನಾಟಕದ ಪತ್ರಿಕೆಗಳಲ್ಲಿ ‘ನಿಗಮ–ಮಂಡಳಿ ನೇಮಕ’ದ ಸುದ್ದಿ ಮುಖಪುಟಕ್ಕೆ ಬರುತ್ತದೆ. ಯಾವ ಶಾಸಕರಿಗೆ ಯಾವ ನಿಗಮ, ಯಾವ ಜಿಲ್ಲೆಗೆ ಎಷ್ಟು ಪಾಲು, ಯಾರಿಗೆ ಸಂಪುಟ ದರ್ಜೆ ಎಂಬ ಲೆಕ್ಕಾಚಾರ ವಾರಗಟ್ಟಲೆ ನಡೆಯುತ್ತದೆ. ಸಾಲ ಕೊಡುವ ನಿಗಮ, ಸಾಬೂನು ಮಾಡುವ ಕಾರ್ಖಾನೆ, ಪ್ರವಾಸಿ ಹೋಟೆಲು ನಡೆಸುವ ಸಂಸ್ಥೆ ಇವುಗಳ ಜೊತೆಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ಚರ್ಚೆಯಲ್ಲಿ ಸೇರಿಹೋಗುತ್ತದೆ. ಹಾಗೆ ಸೇರಿಹೋಗುವುದೇ ದೊಡ್ಡ ತಪ್ಪು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನದಿಂದ ಕೆಲಸ ಮಾಡುವ ಈ ಮಂಡಳಿ ಕಾರ್ಖಾನೆಗೆ, ಅಪಾರ್ಟ್‌ಮೆಂಟಿಗೆ, ಆಸ್ಪತ್ರೆಗೆ, ನಗರಪಾಲಿಕೆಯ ಒಳಚರಂಡಿ ಘಟಕಕ್ಕೆ ಸಮ್ಮತಿ ಪತ್ರ ಕೊಡುವ ಅಥವಾ ನಿರಾಕರಿಸುವ ಸಂಸ್ಥೆ. 1974ರ ಜಲ ಕಾಯ್ದೆಗೆ 1988ರ ತಿದ್ದುಪಡಿಯಲ್ಲಿ ಸೇರಿಸಿದ 33ಎ ಪ್ರಕರಣದಡಿ ಅದು ಒಂದು ಉದ್ಯಮವನ್ನು ಮುಚ್ಚಿಸಬಲ್ಲದು, ಅದರ ವಿದ್ಯುತ್ತು, ನೀರಿನ ಸಂಪರ್ಕ ಕಡಿಸಬಲ್ಲದು. ಅರ್ಧ ನ್ಯಾಯಾಧೀಶರ ಕೆಲಸ, ಅರ್ಧ ವಿಜ್ಞಾನಿಯ ಕೆಲಸ. ಇಂಥ ಸಂಸ್ಥೆಯ ಆಡಳಿತ ಮಂಡಳಿಗೆ ಜನ ಹೇಗೆ ಬರುತ್ತಾರೆ, ಕಾನೂನು ಏನು ಹೇಳುತ್ತದೆ, ಓದುಗರು ಎಲ್ಲಿ ಕೈಹಾಕಬಹುದು ಎಂಬುದನ್ನು ಇಲ್ಲಿ ನೋಡೋಣ. ಜೊತೆಗೆ ನನ್ನದೊಂದು ವಾದವಿದೆ: ಅನರ್ಹರ ನೇಮಕವನ್ನು ಆದೇಶ ಹೊರಬಿದ್ದ ಮೇಲೆ ಕೋರ್ಟಿನಲ್ಲಿ ತಡೆಯುವುದು ಬಹಳ ಕಷ್ಟ. ಆದ್ದರಿಂದ ಅರ್ಹತೆ ಮತ್ತು ಆಯ್ಕೆಯ ಕ್ರಮವನ್ನು ನೇಮಕಕ್ಕೆ ಮೊದಲೇ ರಾಜ್ಯಪತ್ರದಲ್ಲಿ ಪ್ರಕಟವಾದ ನಿಯಮವಾಗಿ ಬರೆದಿಡಬೇಕು. ಬರೀ ಮಾರ್ಗಸೂಚಿ ಸಾಲದು.

ಮೊದಲು ಕಾಯ್ದೆಯ ಪಾಠ. ಜಲ (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯ್ದೆ ಮೊದಲಿಗೇ ಅನ್ವಯವಾದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಯ್ದೆಯ 4ನೇ ಪ್ರಕರಣ ರಾಜ್ಯ ಮಂಡಳಿಯ ರಚನೆಯನ್ನು ಹೇಳುತ್ತದೆ. ಒಬ್ಬ ಅಧ್ಯಕ್ಷರು, ಸರ್ಕಾರವನ್ನು ಪ್ರತಿನಿಧಿಸುವ ಗರಿಷ್ಠ ಐವರು ಅಧಿಕಾರಿಗಳು, ರಾಜ್ಯದ ಸ್ಥಳೀಯ ಸಂಸ್ಥೆಗಳ ಸದಸ್ಯರಿಂದ ಆರಿಸಿದ ಗರಿಷ್ಠ ಐವರು, ಕೃಷಿ, ಮೀನುಗಾರಿಕೆ, ಉದ್ಯಮ, ವ್ಯಾಪಾರ ‘ಅಥವಾ ಬೇರೆ ಯಾವುದೇ ಹಿತಾಸಕ್ತಿ’ಯನ್ನು ಪ್ರತಿನಿಧಿಸುವ ಗರಿಷ್ಠ ಮೂವರು ಖಾಸಗಿ ವ್ಯಕ್ತಿಗಳು, ರಾಜ್ಯ ಸರ್ಕಾರದ ಒಡೆತನದ ಕಂಪನಿ ಅಥವಾ ನಿಗಮಗಳಿಂದ ಇಬ್ಬರು, ಮತ್ತು ಪೂರ್ಣಾವಧಿಯ ಒಬ್ಬ ಸದಸ್ಯ ಕಾರ್ಯದರ್ಶಿ. ಎಲ್ಲ ಸ್ಥಾನ ತುಂಬಿದರೆ ಹದಿನೇಳು ಮಂದಿ. ಸದಸ್ಯ ಕಾರ್ಯದರ್ಶಿಯ ಬಗ್ಗೆ ಕಾಯ್ದೆ ಸ್ವಲ್ಪ ಖಚಿತವಾಗಿ ಮಾತಾಡುತ್ತದೆ. ಮಾಲಿನ್ಯ ನಿಯಂತ್ರಣದ ವೈಜ್ಞಾನಿಕ, ಎಂಜಿನಿಯರಿಂಗ್ ಅಥವಾ ನಿರ್ವಹಣಾ ವಿಷಯಗಳಲ್ಲಿ ಅವರಿಗೆ ಅರ್ಹತೆ, ಜ್ಞಾನ, ಅನುಭವ ಇರಬೇಕು. ಅಧ್ಯಕ್ಷರ ವಿಷಯಕ್ಕೆ ಬಂದಾಗ ಬಾಗಿಲು ಅಗಲವಾಗುತ್ತದೆ: ಪರಿಸರ ರಕ್ಷಣೆಯಲ್ಲಿ ‘ವಿಶೇಷ ಜ್ಞಾನ ಅಥವಾ ಪ್ರಾಯೋಗಿಕ ಅನುಭವ’ ಇರಬೇಕು, ಇಲ್ಲವೇ ಇಂಥ ವಿಷಯಗಳನ್ನು ನೋಡಿಕೊಳ್ಳುವ ಸಂಸ್ಥೆಗಳನ್ನು ನಡೆಸಿದ ಅನುಭವ ಇರಬೇಕು. ಎಷ್ಟು ವರ್ಷದ ಅನುಭವ, ಯಾವ ಪದವಿ, ಅದನ್ನು ಅಳೆಯುವವರು ಯಾರು ಎಂಬುದು ಅಲ್ಲಿಲ್ಲ. ಉಳಿದ ಹದಿನೈದು ಸದಸ್ಯರಿಗೆ ಪರಿಸರದ ಪರಿಚಯ ಇರಲೇಬೇಕೆಂದು ಕಾಯ್ದೆ ಕೇಳುವುದೂ ಇಲ್ಲ.

ಈ ಹದಿನೇಳು ಕುರ್ಚಿಗಳ ಹಂಚಿಕೆಯನ್ನು ನಿಧಾನವಾಗಿ ನೋಡಬೇಕು. ಐವರು ಅಧಿಕಾರಿಗಳು, ಸರ್ಕಾರಿ ಕಂಪನಿಗಳ ಇಬ್ಬರು, ಸದಸ್ಯ ಕಾರ್ಯದರ್ಶಿ ಸೇರಿದರೆ ಎಂಟು ಮಂದಿ ನೇರವಾಗಿ ಸರ್ಕಾರದ ಕೈಕೆಳಗಿನವರು. ಇನ್ನೈದು ಮಂದಿ ಬರುವುದು ಸ್ಥಳೀಯ ಸಂಸ್ಥೆಗಳಿಂದ. ನಮ್ಮ ನದಿಗಳಿಗೆ ಸೇರುವ ಕೊಳಕಿನ ಬಹುಪಾಲು ಕಾರ್ಖಾನೆಯದಲ್ಲ, ಊರಿನ ಚರಂಡಿಯದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಸ್ಥಾಪಿತ ಶುದ್ಧೀಕರಣ ಸಾಮರ್ಥ್ಯ 31,841 ದಶಲಕ್ಷ ಲೀಟರ್. ನಿಜವಾಗಿ ಶುದ್ಧವಾಗುವುದು 20,236 ದಶಲಕ್ಷ ಲೀಟರ್. ಈ ಕೊಳಚೆಯ ಹೊಣೆ ಇರುವುದು ನಗರಸಭೆ, ಪಾಲಿಕೆ, ಜಲಮಂಡಳಿಗಳ ಮೇಲೆ. ಬೆಳ್ಳಂದೂರು ಕೆರೆಯ ನೊರೆ, ವೃಷಭಾವತಿಯ ಕಪ್ಪು ನೀರು ಇವುಗಳ ಹಿಂದಿರುವುದೂ ಮುಖ್ಯವಾಗಿ ಇದೇ. ಅಂದರೆ ಮಂಡಳಿ ನೋಟಿಸು ಕೊಡಬೇಕಾದವರ ಪ್ರತಿನಿಧಿಗಳು ಮಂಡಳಿಯ ಒಳಗೇ ಇದ್ದಾರೆ, ಅವರನ್ನೆಲ್ಲ ಆರಿಸುವುದು ಸರ್ಕಾರ. 1974ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಸ್ಥಾನ ಕೊಟ್ಟದ್ದರ ಹಿಂದೆ ಒಳ್ಳೆಯ ಉದ್ದೇಶವೇ ಇದ್ದಿರಬೇಕು. ಚರಂಡಿ ಕಟ್ಟುವವರ ಕಷ್ಟ ಮಂಡಳಿಗೆ ತಿಳಿದಿರಲಿ ಎಂಬುದು ಸರಿಯಾದ ಆಶಯ. ಆದರೆ ಹೀಗೆ ಹೊಣೆಗಾರರೇ ತುಂಬಿರುವ ಸಭೆಯಲ್ಲಿ ಅಧ್ಯಕ್ಷರು ಮತ್ತು ಆ ಮೂವರು ಖಾಸಗಿ ಸದಸ್ಯರ ಮೇಲೆ ಬೀಳುವ ಭಾರ ಎಷ್ಟೆಂಬುದನ್ನು ಊಹಿಸಬಹುದು. ಹದಿನೇಳರಲ್ಲಿ ಸರ್ಕಾರಕ್ಕೂ ಪುರಸಭೆಗೂ ‘ಇಲ್ಲ’ ಎನ್ನಬಲ್ಲ ಸ್ವತಂತ್ರ ದನಿ ಇರಲು ಸಾಧ್ಯವಾದದ್ದು ಈ ನಾಲ್ಕು ಕುರ್ಚಿಗಳಲ್ಲಿ ಮಾತ್ರ.

ವಾಯು ಮಾಲಿನ್ಯದ ವಿಷಯದಲ್ಲಿ ಇನ್ನೊಂದು ಕೊರತೆಯಿದೆ, ಅದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. 1981ರ ವಾಯು ಕಾಯ್ದೆಯಲ್ಲಿ ರಾಜ್ಯ ಮಂಡಳಿಯ ಕನಿಷ್ಠ ಇಬ್ಬರು ಸದಸ್ಯರಿಗೆ ಗಾಳಿಯ ಗುಣಮಟ್ಟದ ಬಗ್ಗೆ ವಿಶೇಷ ಜ್ಞಾನ ಇರಬೇಕೆಂಬ ಮಾತಿದೆ. ಆದರೆ ಅದು ಜಲ ಕಾಯ್ದೆಯ ಮಂಡಳಿ ಇಲ್ಲದ ರಾಜ್ಯಗಳಿಗಾಗಿ ಬರೆದ ಪ್ರಕರಣ. ಜಲ ಕಾಯ್ದೆಯ ಮಂಡಳಿ ಇರುವಲ್ಲಿ ಅದೇ ವಾಯು ಮಂಡಳಿಯಾಗಿಯೂ ಕೆಲಸ ಮಾಡುತ್ತದೆ, ಆ ಷರತ್ತು ಅದಕ್ಕೆ ತಗಲುವುದಿಲ್ಲ. ಕರ್ನಾಟಕದಲ್ಲಿ ಗಾಳಿಯ ತಜ್ಞರು ಮಂಡಳಿಯೊಳಗೆ ಬರುವುದು ಬಿಡುವುದು ಹಾಗಾಗಿ ಸರ್ಕಾರದ ಇಚ್ಛೆಗೆ ಬಿಟ್ಟ ಮಾತು.

ಪದಾವಧಿ, ತೆಗೆದುಹಾಕುವಿಕೆ, ಅನರ್ಹತೆಗಳನ್ನು 5 ಮತ್ತು 6ನೇ ಪ್ರಕರಣಗಳು ಹೇಳುತ್ತವೆ. ಸದಸ್ಯ ಕಾರ್ಯದರ್ಶಿಯನ್ನು ಬಿಟ್ಟು ಉಳಿದವರಿಗೆ ನಾಮನಿರ್ದೇಶನದ ದಿನದಿಂದ ಮೂರು ವರ್ಷ. ಉತ್ತರಾಧಿಕಾರಿ ಬರುವವರೆಗೆ ಮುಂದುವರಿಯಬಹುದು, ಮತ್ತೆ ನಾಮನಿರ್ದೇಶನವೂ ಆಗಬಹುದು. ಅಧಿಕಾರಿಯಾಗಿ ಬಂದವರು ಆ ಹುದ್ದೆ ಬಿಟ್ಟ ಕೂಡಲೇ ಸದಸ್ಯತ್ವ ಮುಗಿಯುತ್ತದೆ. ಸ್ಥಳೀಯ ಸಂಸ್ಥೆಯಿಂದ ಬಂದವರು ಅಲ್ಲಿನ ಸದಸ್ಯತ್ವ ಕಳೆದುಕೊಂಡರೂ ಅಷ್ಟೇ. ಸರಿಯಾದ ಕಾರಣವಿಲ್ಲದೆ ಸತತ ಮೂರು ಸಭೆಗೆ ಬಾರದಿದ್ದರೆ ಸ್ಥಾನ ತೆರವಾಗುತ್ತದೆ. ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು 8ನೇ ಪ್ರಕರಣ ಹೇಳುವುದರಿಂದ ಸಭೆಯ ಹಾಜರಿ ಪುಸ್ತಕ ನಾಗರಿಕರಿಗೆ ಬಹಳ ಉಪಯುಕ್ತ ದಾಖಲೆ. ಅವಧಿಗೆ ಮುನ್ನ ತೆಗೆಯಬೇಕಾದರೆ ಸರ್ಕಾರ ಕಾರಣ ಕೇಳಿ ಉತ್ತರಿಸಲು ಅವಕಾಶ ಕೊಡಬೇಕು. ದಿವಾಳಿ, ನೈತಿಕ ಅಧಃಪತನದ ಅಪರಾಧ, ಇದೇ ಕಾಯ್ದೆಯಡಿ ಶಿಕ್ಷೆ ಇವು ಅನರ್ಹತೆಗಳು. ಕೊಳಚೆ ಶುದ್ಧೀಕರಣ ಯಂತ್ರ ತಯಾರಿಸುವ, ಮಾರುವ ಸಂಸ್ಥೆಯಲ್ಲಿ ನೇರ ಅಥವಾ ಪರೋಕ್ಷ ಪಾಲಿದ್ದರೂ, ಒಳಚರಂಡಿ ಕಾಮಗಾರಿಗೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯೊಂದಿಗೆ ಗುತ್ತಿಗೆ ಮಾಡಿಕೊಂಡ ಕಂಪನಿಯ ನಿರ್ದೇಶಕ ಅಥವಾ ಸಂಬಳದ ನೌಕರನಾಗಿದ್ದರೂ ಮಂಡಳಿಯಲ್ಲಿ ಕೂರುವಂತಿಲ್ಲ. ಸ್ಥಳೀಯ ಗುತ್ತಿಗೆ ವ್ಯವಹಾರ ಬಲ್ಲವರಿಗೆ ಈ ಕೊನೆಯ ಷರತ್ತಿನ ಬೆಲೆ ತಿಳಿಯುತ್ತದೆ. ಹೊಸ ಸದಸ್ಯರ ಪಟ್ಟಿ ಬಂದಾಗ ಮೊದಲು ತಾಳೆ ನೋಡಬೇಕಾದದ್ದು ಇದನ್ನೇ.

ನೇಮಕದ ಕಡತ ನಡೆಯುವ ಹಾದಿ ಸರಳ. ಅರಣ್ಯ ಮತ್ತು ಪರಿಸರ ಇಲಾಖೆಯಿಂದ ಪ್ರಸ್ತಾವ ಏಳುತ್ತದೆ, ಸಚಿವರ ಮತ್ತು ಮುಖ್ಯಮಂತ್ರಿಯ ಒಪ್ಪಿಗೆ ಪಡೆಯುತ್ತದೆ, ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಧಿಸೂಚನೆ ಹೊರಡುತ್ತದೆ. ಜಲ ಕಾಯ್ದೆಯಲ್ಲಿ ಅರ್ಜಿ ಕರೆಯುವ, ಜಾಹೀರಾತು ಕೊಡುವ, ಆಯ್ಕೆ ಸಮಿತಿ ರಚಿಸುವ ವಿಧಿ ಇಲ್ಲ. ಇದನ್ನು ಅದೇ ಸರ್ಕಾರ ನೇಮಿಸುವ ಇನ್ನೊಂದು ಸಂಸ್ಥೆಯೊಂದಿಗೆ ಹೋಲಿಸಿದರೆ ಕೊರತೆ ಎದ್ದು ಕಾಣುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ರಾಜ್ಯ ಸರ್ಕಾರವೇ ನೇಮಿಸುತ್ತದೆ. ಆದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 85ನೇ ಪ್ರಕರಣದ ಪ್ರಕಾರ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರ ಅಧ್ಯಕ್ಷತೆಯಲ್ಲಿ, ಮುಖ್ಯ ಕಾರ್ಯದರ್ಶಿ ಹಾಗೂ ಕೇಂದ್ರದ ವಿದ್ಯುತ್ ಪ್ರಾಧಿಕಾರ ಅಥವಾ ಕೇಂದ್ರ ಆಯೋಗದ ಅಧ್ಯಕ್ಷರು ಇರುವ ಆಯ್ಕೆ ಸಮಿತಿ ಮೊದಲು ಕೂರಬೇಕು. ಅವಧಿ ಮುಗಿಯುವ ಆರು ತಿಂಗಳು ಮೊದಲೇ ಸರ್ಕಾರ ಈ ಸಮಿತಿಗೆ ವಿಷಯ ಒಪ್ಪಿಸಬೇಕು, ಸಮಿತಿ ಮೂರು ತಿಂಗಳಲ್ಲಿ ಪ್ರತಿ ಸ್ಥಾನಕ್ಕೆ ಎರಡು ಹೆಸರು ಕೊಡಬೇಕು, ಆ ವ್ಯಕ್ತಿಗೆ ಕೆಲಸಕ್ಕೆ ಧಕ್ಕೆ ತರುವ ಹಣಕಾಸಿನ ಅಥವಾ ಬೇರೆ ಹಿತಾಸಕ್ತಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪದಾವಧಿ ಐದು ವರ್ಷ, ಅದೇ ಹುದ್ದೆಗೆ ಮರುನೇಮಕ ಇಲ್ಲ. ವಿದ್ಯುತ್ ದರ ನಿಗದಿ ಮಾಡುವವರನ್ನು ಇಷ್ಟು ಜರಡಿ ಹಿಡಿದು ಆರಿಸುವ ವಿಧಾನಸೌಧ, ಕುಡಿಯುವ ನೀರು ಮತ್ತು ಉಸಿರಾಡುವ ಗಾಳಿಯ ಕಾವಲುಗಾರರನ್ನು ಒಂದು ಟಿಪ್ಪಣಿ ಹಾಳೆಯ ಮೇಲೆ ಆರಿಸುವುದಕ್ಕೆ ಸಮರ್ಥನೆ ನನಗೆ ಸಿಕ್ಕಿಲ್ಲ.

ಈ ಕೊರತೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಉತ್ತರಾಖಂಡದ ಒಂದು ಅರ್ಜಿಯಿಂದ. ಆ ಅರ್ಜಿಯ ವಿಚಾರಣೆ ನಡೆಸಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಆಗಸ್ಟ್ 24ರಂದು ಹಲವು ರಾಜ್ಯಗಳ ಮಂಡಳಿಗಳ ನೇಮಕವನ್ನು ಪ್ರಶ್ನಿಸಿ, ಅರ್ಹತೆಯ ಬಗ್ಗೆ ತಾನೇ ನಿರ್ದೇಶನ ಕೊಟ್ಟಿತು. ಅರುಣಾಚಲ ಪ್ರದೇಶದ ಮಂಡಳಿಯ ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತ ಅವರ ಪೀಠ 2017ರ ಸೆಪ್ಟೆಂಬರ್ 22ರಂದು ತೀರ್ಪು ಕೊಟ್ಟಿತು. ನೇಮಕದ ಪ್ರಶ್ನೆ ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯಲ್ಲಿಲ್ಲ ಎಂದು ಅದರ ಆದೇಶವನ್ನು ತಳ್ಳಿಹಾಕಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1984ರ ಭಟ್ಟಾಚಾರ್ಯ ಸಮಿತಿಯಿಂದ ಹಿಡಿದು 1990ರ ಬೆಳ್ಳಿಯಪ್ಪ ಸಮಿತಿ, 1994ರ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನ ವರದಿಯವರೆಗೆ ಮಂಡಳಿಗಳನ್ನು ಬಲಪಡಿಸಲು ಬಂದ ಸಲಹೆಗಳನ್ನು ನೆನಪಿಸಿ, ಎಲ್ಲ ರಾಜ್ಯಗಳೂ ಆರು ತಿಂಗಳಲ್ಲಿ ಸೂಕ್ತ ಮಾರ್ಗಸೂಚಿ ಅಥವಾ ನೇಮಕಾತಿ ನಿಯಮ ರೂಪಿಸಬೇಕು, ವೃತ್ತಿಪರರೂ ತಜ್ಞರೂ ಮಂಡಳಿಗೆ ಬರುವಂತೆ ನೋಡಿಕೊಳ್ಳಬೇಕು ಎಂದಿತು. ಕಾನೂನಿನ ಅರ್ಹತೆ ಇಲ್ಲದವರು ನೇಮಕವಾದರೆ ನಾಗರಿಕರು ಹೈಕೋರ್ಟಿಗೆ ‘ಕೋ ವಾರಂಟೊ’ ರಿಟ್ ಸಲ್ಲಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ‘ಈ ಹುದ್ದೆಯಲ್ಲಿ ಯಾವ ಅಧಿಕಾರದಿಂದ ಕೂತಿದ್ದೀರಿ’ ಎಂದು ಕೇಳುವ ರಿಟ್ ಅದು.

ಹಾಗಾದರೆ ಕೋರ್ಟಿನ ಬಾಗಿಲು ತೆರೆದಿದೆಯಲ್ಲ, ನಿಯಮದ ಹಟ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳಲ್ಲಿದೆ. 1963ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ವಿರುದ್ಧ ಸಿ.ಡಿ. ಗೋವಿಂದ ರಾವ್ ಪ್ರಕರಣದಲ್ಲಿ, ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ಹುದ್ದೆಯ ನೇಮಕವನ್ನು ಮೈಸೂರು ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಾರ್ವಜನಿಕ ಹುದ್ದೆಯ ನೇಮಕ ಕಾನೂನಿನ ಬಲವುಳ್ಳ ನಿಯಮಕ್ಕೆ ವಿರುದ್ಧವಾಗಿದ್ದರೆ ಮಾತ್ರ ಕೋ ವಾರಂಟೊ ನಿಲ್ಲುತ್ತದೆ ಎಂದಿತು, ತಜ್ಞರ ಮಂಡಳಿ ಮಾಡಿದ ಆಯ್ಕೆಯಲ್ಲಿ ಕೋರ್ಟು ಸುಲಭವಾಗಿ ಕೈಹಾಕಬಾರದೆಂದೂ ಹೇಳಿತು. 2006ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ನೇಮಕದ ಪ್ರಕರಣದಲ್ಲೂ ಇದೇ ಆಯಿತು. ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ಬದಿಗಿಟ್ಟು, ಶಾಸನಬದ್ಧ ವಿಧಿಯ ಉಲ್ಲಂಘನೆ ತೋರಿಸದ ಹೊರತು ಈ ರಿಟ್ ಇಲ್ಲ ಎಂದು ಮತ್ತೆ ಸ್ಪಷ್ಟಪಡಿಸಿತು. ಈ ಎರಡನ್ನೂ ಜಲ ಕಾಯ್ದೆಯ ಪಕ್ಕದಲ್ಲಿಟ್ಟು ಓದಿ. ‘ವಿಶೇಷ ಜ್ಞಾನ ಅಥವಾ ಪ್ರಾಯೋಗಿಕ ಅನುಭವ’ ಎಂಬ ಅಗಲವಾದ ಮಾತನ್ನು ಯಾರಾದರೂ ಉಲ್ಲಂಘಿಸಿದ್ದಾರೆಂದು ಸಾಬೀತು ಮಾಡುವುದು ಹೇಗೆ? ಹತ್ತು ವರ್ಷದ ಅನುಭವ ಬೇಕೆಂದು ನಿಯಮದಲ್ಲಿ ಬರೆದಿದ್ದರೆ ಐದು ವರ್ಷದವರನ್ನು ಕೋರ್ಟು ಕೆಳಗಿಳಿಸಬಲ್ಲದು. ಬರೆದಿಲ್ಲದಿದ್ದರೆ ಕೋರ್ಟಿಗೆ ಅಳತೆಗೋಲೇ ಇಲ್ಲ. ಮಾರ್ಗಸೂಚಿಯೊಂದರಲ್ಲಿ ಮಾತ್ರ ಬರೆದಿದ್ದರೆ, ಅದು ಕಾನೂನಿನ ಬಲವುಳ್ಳದ್ದಲ್ಲ ಎಂಬ ವಾದ ಸರ್ಕಾರದ ಪರ ವಕೀಲರಿಗೆ ಸಿದ್ಧವಾಗಿಯೇ ಇರುತ್ತದೆ. 2017ರ ತೀರ್ಪು ‘ಮಾರ್ಗಸೂಚಿ ಅಥವಾ ನಿಯಮ’ ಎಂದು ಎರಡಕ್ಕೂ ಅವಕಾಶ ಕೊಟ್ಟರೂ ನಾನು ಎರಡನೆಯದನ್ನೇ ಒತ್ತಿ ಹೇಳುವುದು ಇದಕ್ಕಾಗಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಪ್ರಜಾಪ್ರಭುತ್ವದ ಹೆಸರಿನದು: ಜನ ಆರಿಸಿದ ಸರ್ಕಾರಕ್ಕೆ ತನ್ನ ಸಂಸ್ಥೆಗಳಿಗೆ ಬೇಕಾದವರನ್ನು ನೇಮಿಸುವ ಹಕ್ಕಿರಬೇಕು, ಇಲ್ಲದಿದ್ದರೆ ತಜ್ಞರ ಆಳ್ವಿಕೆಯಾಗುತ್ತದೆ. ಇದು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮಾತು. ಆದರೆ ಸರ್ಕಾರದ ನೀತಿ ಮಂಡಳಿಗೆ ತಲುಪಲು ಕಾಯ್ದೆಯೇ ಬೇರೆ ದಾರಿ ಮಾಡಿಕೊಟ್ಟಿದೆ. 18ನೇ ಪ್ರಕರಣದ ಪ್ರಕಾರ ರಾಜ್ಯ ಸರ್ಕಾರ ಲಿಖಿತವಾಗಿ ಕೊಡುವ ನಿರ್ದೇಶನಗಳಿಗೆ ಮಂಡಳಿ ಬದ್ಧ. ಕೈಗಾರಿಕೆಗೆ ಉತ್ತೇಜನ ಬೇಕೆ, ನದಿ ದಂಡೆಯಲ್ಲಿ ಕಟ್ಟುನಿಟ್ಟು ಬೇಕೆ, ಸರ್ಕಾರ ಅದನ್ನು ಕಾಗದದ ಮೇಲೆ ಸಹಿ ಹಾಕಿ ಹೇಳಬಹುದು, ಜನ ಅದನ್ನು ಓದಿ ಅಳೆಯಬಹುದು. ತನ್ನವರನ್ನು ಕುರ್ಚಿಯಲ್ಲಿ ಕೂರಿಸಿ ಫೋನಿನಲ್ಲಿ ಹೇಳಿಸುವ ದಾರಿಯಲ್ಲಿ ಆ ಉತ್ತರದಾಯಿತ್ವ ಇರುವುದಿಲ್ಲ. ಇನ್ನೊಂದು ಅಂಶ, ಮಂಡಳಿ ನಿಯಂತ್ರಿಸಬೇಕಾದವರಲ್ಲಿ ಸರ್ಕಾರಿ ಸಂಸ್ಥೆಗಳೇ ದೊಡ್ಡವು. ನಿಯಂತ್ರಣಕ್ಕೆ ಒಳಪಡುವವರೇ ನಿಯಂತ್ರಕರನ್ನು ಯಾವ ಷರತ್ತೂ ಇಲ್ಲದೆ ಆರಿಸುವುದನ್ನು ಪ್ರಜಾಪ್ರಭುತ್ವದ ಹಕ್ಕು ಎಂದು ಕರೆಯಲಾಗದು.

ತಜ್ಞರಿಗಿಂತ ಶಾಸಕರು ಅಧಿಕಾರಿಗಳಿಂದ ಕೆಲಸ ಮಾಡಿಸಬಲ್ಲರು, ಅವರಿಗೆ ಊರೂರಿನ ಸಂಗತಿ ಗೊತ್ತು ಎಂಬ ಮಾತೂ ಕೇಳಿಬರುತ್ತದೆ. ಕೆಲವರ ವಿಷಯದಲ್ಲಿ ಅದು ನಿಜವಿರಬಹುದು, ರಾಜಕಾರಣಿ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅನರ್ಹರೆನ್ನುವುದು ನ್ಯಾಯವಲ್ಲ. ಪರಿಸರದಲ್ಲಿ ದುಡಿದ ಜನಪ್ರತಿನಿಧಿ ಇದ್ದರೆ ಅವರು ನಿಯಮದಲ್ಲಿ ಬರೆದ ಅರ್ಹತೆಯನ್ನು ತೋರಿಸಿ ಬರಲಿ. ಜನಪ್ರತಿನಿಧಿಗಳ ಅನುಭವ ಮಂಡಳಿಗೆ ಸಿಗಲೆಂದು ಕಾಯ್ದೆ ಐದು ಸ್ಥಾನ ಪ್ರತ್ಯೇಕವಾಗಿ ಇಟ್ಟಿದೆ ಎಂಬುದನ್ನೂ ಮರೆಯಬಾರದು. ಆಯ್ಕೆ ಸಮಿತಿಗಳೂ ಮೊದಲೇ ತೀರ್ಮಾನವಾದ ಹೆಸರಿಗೆ ಮುದ್ರೆ ಒತ್ತುತ್ತವೆ, ಕೊನೆಗೆ ನಿವೃತ್ತ ಅಧಿಕಾರಿಗಳೇ ಬರುತ್ತಾರೆ ಎನ್ನುವವರಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಆ ಅಪಾಯ ಇದ್ದೇ ಇದೆ. ಆದರೂ ಸಮಿತಿಯಿದ್ದಲ್ಲಿ ಅರ್ಜಿದಾರರ ಪಟ್ಟಿ, ಅಂಕ, ನಡಾವಳಿ, ಕೈಬಿಟ್ಟ ಹೆಸರು ಉಳಿಯುತ್ತವೆ. ಪ್ರಶ್ನಿಸಲು ಒಂದು ದಾಖಲೆ ಇರುತ್ತದೆ. ಟಿಪ್ಪಣಿ ಹಾಳೆಯ ನೇಮಕದಲ್ಲಿ ಒಂದೇ ಹೆಸರು, ಒಂದೇ ಸಹಿ.

ಇನ್ನು ಓದುಗರು ಮಾಡಬಹುದಾದದ್ದು. ನೇಮಕದ ಅಧಿಸೂಚನೆ ಸಿಕ್ಕಾಗ ಪ್ರತಿ ಹೆಸರಿನ ಎದುರು ಯಾವ ಉಪಖಂಡದಡಿ ನಾಮನಿರ್ದೇಶನ ಎಂದು ಬರೆದಿದೆಯೇ ನೋಡಿ. ಸ್ಥಳೀಯ ಸಂಸ್ಥೆಯ ಕೋಟಾದಲ್ಲಿ ಬಂದವರು ಈಗಲೂ ಚುನಾಯಿತ ಸದಸ್ಯರೇ ಎಂಬುದು ಮುಖ್ಯ. ಪಾಲಿಕೆ, ಪಂಚಾಯಿತಿಗಳ ಚುನಾವಣೆ ವರ್ಷಗಟ್ಟಲೆ ಮುಂದೂಡುವ ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಮೂವರು ಖಾಸಗಿ ಸದಸ್ಯರು ಯಾವ ಹಿತಾಸಕ್ತಿಯ ಪ್ರತಿನಿಧಿಗಳು ಎಂದು ಕೇಳಿ. ಮೂವರೂ ಉದ್ಯಮದವರೇ ಆಗಿದ್ದರೆ ವೃಷಭಾವತಿಯ ಕೆಳಗಿನ ರೈತರ, ಕರಾವಳಿಯ ಮೀನುಗಾರರ ಮಾತು ಹೇಳುವವರು ಯಾರು? ‘ಬೇರೆ ಯಾವುದೇ ಹಿತಾಸಕ್ತಿ’ ಎಂಬ ಮಾತಿನಡಿ ಸಾರ್ವಜನಿಕ ಆರೋಗ್ಯದ ವೈದ್ಯರು, ಪರಿಸರ ಸಂಘಟನೆಯವರು ಬರಲು ಅವಕಾಶವಿದೆ. ಅರ್ಜಿ ಕರೆಯುವ ವಿಧಿ ಇಲ್ಲದಿದ್ದರೂ ರೈತ ಸಂಘ, ಮೀನುಗಾರರ ಸಹಕಾರಿ, ನಿವಾಸಿಗಳ ಸಂಘ ಇಂಥವು ಅವಧಿ ಮುಗಿಯುವ ಮೊದಲೇ ಅರ್ಹರ ಹೆಸರನ್ನು ವಿವರ ಸಹಿತ ಇಲಾಖೆಗೆ ಬರೆದು ಸ್ವೀಕೃತಿ ಪಡೆಯಬಹುದು. ಒಪ್ಪಲಿ ಬಿಡಲಿ, ಆ ಪತ್ರ ಕಡತದಲ್ಲಿ ಉಳಿಯುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಎರಡು ಕಡೆ ಹಾಕಬೇಕಾಗುತ್ತದೆ. ನೇಮಕದ ಕಡತ, ಟಿಪ್ಪಣಿ ಹಾಳೆ, ಪರಿಗಣಿಸಿದ ಹೆಸರುಗಳು ಇಲಾಖೆಯಲ್ಲಿರುತ್ತವೆ. ಸಭೆಯ ನಡಾವಳಿ, ಹಾಜರಿ ಮಂಡಳಿಯಲ್ಲಿರುತ್ತವೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ 30 ದಿನ. ಸದಸ್ಯರ ಅರ್ಹತೆಯ ವಿವರ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸುವ ಸಾಧ್ಯತೆ ಹೆಚ್ಚು. ಅದಕ್ಕೆ ಅರ್ಜಿಯಲ್ಲೇ ಮನೆ ವಿಳಾಸ, ಫೋನು ನಂಬರು ಬೇಡವೆಂದು ಬರೆದು, ಜಲ ಕಾಯ್ದೆಯ 4ನೇ ಪ್ರಕರಣ ಕೇಳುವ ಅರ್ಹತೆಯನ್ನು ಸರ್ಕಾರ ಯಾವ ದಾಖಲೆಯಿಂದ ಖಚಿತಪಡಿಸಿಕೊಂಡಿತು ಎಂದಷ್ಟೇ ಕೇಳಿ. ನಿರಾಕರಿಸಿದರೆ ಸಾರ್ವಜನಿಕ ಹಿತ ಹೆಚ್ಚಿನದಾದಾಗ ಮಾಹಿತಿ ಕೊಡಬಹುದೆನ್ನುವ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಉಪಪ್ರಕರಣವನ್ನು ಮೇಲ್ಮನವಿಯಲ್ಲಿ ಎತ್ತಿ. ಇನ್ನೊಂದು ಅರ್ಜಿಯಲ್ಲಿ 2017ರ ತೀರ್ಪಿನ ಪ್ರಕಾರ ರಾಜ್ಯ ರೂಪಿಸಿದ ನಿಯಮ ಅಥವಾ ಮಾರ್ಗಸೂಚಿಯ ಪ್ರತಿ, ಅದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕ, ಯಾವ ಪ್ರಕರಣದ ಅಧಿಕಾರದಡಿ ಹೊರಡಿಸಿದ್ದು ಎಂಬುದನ್ನು ಕೇಳಿ. ಈ ಕೊನೆಯ ಪ್ರಶ್ನೆಯ ಉತ್ತರದಿಂದಲೇ ಹೈಕೋರ್ಟಿಗೆ ಹೋದರೆ ಎಷ್ಟು ನಿಲ್ಲುತ್ತೀರಿ ಎಂಬುದು ಗೊತ್ತಾಗುತ್ತದೆ.

ನಿಯಮ ಮಾಡುವ ಅಧಿಕಾರ ರಾಜ್ಯಕ್ಕಿದೆಯೇ ಎಂಬ ಸಂದೇಹ ಬರುವುದು ಸಹಜ, ಏಕೆಂದರೆ ಜಲ ಕಾಯ್ದೆ ಸಂವಿಧಾನದ 252ನೇ ವಿಧಿಯಡಿ ರಾಜ್ಯಗಳ ನಿರ್ಣಯದ ಮೇಲೆ ಸಂಸತ್ತು ಮಾಡಿದ ಶಾಸನ. ಹಾಗೆ ಒಪ್ಪಿಸಿದ ಮೇಲೆ ರಾಜ್ಯ ವಿಧಾನಮಂಡಲ ಕಾಯ್ದೆಯನ್ನೇ ತಿದ್ದಲಾರದು. ಆದರೆ 64ನೇ ಪ್ರಕರಣ ಕಾಯ್ದೆಯ ಉದ್ದೇಶ ಈಡೇರಿಸಲು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಮಂಡಳಿಯೊಂದಿಗೆ ಸಮಾಲೋಚಿಸಬೇಕೆಂಬುದು ಮಾತ್ರ ಷರತ್ತು. ಈ ನಡುವೆ ಕೇಂದ್ರವೂ ಈ ಜಾಗಕ್ಕೆ ಕಾಲಿಟ್ಟಿದೆ. 2024ರ ತಿದ್ದುಪಡಿ ಕಾಯ್ದೆ ರಾಜ್ಯ ಮಂಡಳಿಯ ಅಧ್ಯಕ್ಷರ ನಾಮನಿರ್ದೇಶನದ ರೀತಿಯನ್ನೂ ಸೇವಾ ಷರತ್ತುಗಳನ್ನೂ ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ ಎನ್ನುತ್ತದೆ. ಅದು ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯ. ಬೇರೆ ರಾಜ್ಯಗಳು ತಮ್ಮ ಶಾಸನಸಭೆಯ ನಿರ್ಣಯದಿಂದ ಒಪ್ಪಿಕೊಳ್ಳಬಹುದು. ಏಕರೂಪದ ಅರ್ಹತೆ ಬರುವುದು ಒಳ್ಳೆಯದೇ, ಆದರೆ ನೇಮಕದ ರೀತಿ ದೆಹಲಿಯ ಒಂದು ಸಚಿವಾಲಯದ ಕೈಗೆ ಹೋಗುವುದು ರಾಜ್ಯಗಳಿಗೆ ಹಿತವಾಗದು. ತಾನೇ ಗಟ್ಟಿ ನಿಯಮ ಬರೆದುಕೊಂಡ ರಾಜ್ಯ ಆ ಅಧಿಕಾರವನ್ನು ಬಿಟ್ಟುಕೊಡುವುದಿಲ್ಲ ಎನ್ನಲು ಆಧಾರ ಇರುತ್ತದೆ. ಜಾಹೀರಾತು, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯ ಸಮಿತಿ, ಅಧ್ಯಕ್ಷರಿಗೆ ವರ್ಷಗಳಲ್ಲಿ ಬರೆದ ಅನುಭವ, ಕನಿಷ್ಠ ಇಬ್ಬರು ವಾಯು ತಜ್ಞರು, ಖಾಸಗಿ ಸ್ಥಾನಗಳಲ್ಲಿ ರೈತರಿಗೊಂದು ಮೀನುಗಾರರಿಗೊಂದು, ಆಯ್ಕೆಯ ಕಾರಣಗಳನ್ನು ಜಾಲತಾಣದಲ್ಲಿ ಹಾಕುವುದು: ಇಷ್ಟಕ್ಕೆ ಹೊಸ ಶಾಸನ ಬೇಡ, ಮಂಡಳಿಯ ಅಭಿಪ್ರಾಯ ಪಡೆದು ರಾಜ್ಯಪತ್ರದಲ್ಲಿ ಹೊರಡಿಸುವ ಒಂದು ಅಧಿಸೂಚನೆ ಸಾಕು. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ಅವರಿಗೆ ಪತ್ರ ಬರೆಯಬಹುದು.